ಸೋತು ಗೆಲ್ಲಿಸಿದ ಕರ್ಟ್ ಫ್ಲಡ್: 76.5 ಕೋಟಿ ಡಾಲರ್ ಒಪ್ಪಂದದ ಹಿಂದಿನ ಕಥೆ

2024ರ ಡಿಸೆಂಬರ್ 8ರಂದು ಅಮೆರಿಕದ ಬೇಸ್‌ಬಾಲ್ ಲೋಕದಿಂದ ಎರಡು ಪ್ರಮುಖ ಸುದ್ದಿಗಳು ಹೊರಬಿದ್ದವು. ಡೊಮಿನಿಕನ್ ಗಣರಾಜ್ಯದ ಹುವಾನ್ ಸೋಟೊ ಅವರು ನ್ಯೂಯಾರ್ಕ್ ಮೆಟ್ಸ್ ತಂಡದೊಂದಿಗೆ 15 ವರ್ಷಗಳ ಅವಧಿಗೆ 76.5 ಕೋಟಿ ಡಾಲರ್ ಮೊತ್ತದ ಒಪ್ಪಂದಕ್ಕೆ ಸಮ್ಮತಿಸಿದ್ದು ಮೊದಲನೆಯದು. ಅಂದಿನ ವಿನಿಮಯ ದರದಲ್ಲಿ ಇದು 6,400 ಕೋಟಿ ರೂಪಾಯಿಗೂ ಅಧಿಕ. ವೃತ್ತಿಪರ ಕ್ರೀಡೆಯ ಇತಿಹಾಸದಲ್ಲೇ ಅತಿ ದೊಡ್ಡ ಒಪ್ಪಂದವೆಂದು ಅದನ್ನು ಬಣ್ಣಿಸಲಾಯಿತು. ನಾಲ್ಕು ವರ್ಷಗಳ ಹಿಂದೆ ನಿಧನರಾಗಿದ್ದ ಡಿಕ್ ಅಲೆನ್ ಅವರು ಬೇಸ್‌ಬಾಲ್‌ನ ಹಾಲ್ ಆಫ್ ಫೇಮ್‌ಗೆ ಆಯ್ಕೆಯಾದದ್ದು ಎರಡನೆಯದು.

ಮೇಲ್ನೋಟಕ್ಕೆ ಈ ಎರಡು ಸುದ್ದಿಗಳಿಗೆ ಯಾವ ನಂಟೂ ಇಲ್ಲ. ಆದರೆ ಎರಡರ ಹಿಂದೆಯೂ ಇರುವುದು ಒಬ್ಬನೇ ವ್ಯಕ್ತಿ. ಅಂದಿನ ಹಣದಲ್ಲೂ ಗೌರವದಲ್ಲೂ ಪಾಲಿಲ್ಲದ ಆ ವ್ಯಕ್ತಿಯ ಹೆಸರು ಕರ್ಟ್ ಫ್ಲಡ್. 1969ರಲ್ಲಿ ಅಲೆನ್ ಅವರನ್ನು ಪಡೆಯಲು ಬಿಟ್ಟುಕೊಡಲಾದ ಆಟಗಾರ ಇವರೇ. ಆ ಕೊಡುಕೊಳ್ಳುವಿಕೆಯನ್ನು ಇವರು ಧಿಕ್ಕರಿಸಿದ್ದರಿಂದಲೇ ಸೋಟೊ ಅವರ ಒಪ್ಪಂದಕ್ಕೆ ದಾರಿ ತೆರೆಯಿತು ಎಂದರೆ ತಪ್ಪಾಗಲಾರದು.

ಮೈದಾನದ ಕಾವಲುಗಾರ

1938ರಲ್ಲಿ ಟೆಕ್ಸಾಸ್‌ನ ಹ್ಯೂಸ್ಟನ್‌ನಲ್ಲಿ ಜನಿಸಿದ ಫ್ಲಡ್ ಬೆಳೆದದ್ದು ಕ್ಯಾಲಿಫೋರ್ನಿಯಾದ ಓಕ್‌ಲೆಂಡ್‌ನಲ್ಲಿ. ವೃತ್ತಿಯ ಆರಂಭದಲ್ಲಿ ದಕ್ಷಿಣದ ರಾಜ್ಯಗಳ ಕಿರಿಯ ಲೀಗ್‌ಗಳಲ್ಲಿ ಆಡಿದ ಈ ಕಪ್ಪು ವರ್ಣೀಯ ಯುವಕ ಅಲ್ಲಿ ವರ್ಣಭೇದದ ಕಹಿಯನ್ನು ಉಂಡರು. 1958ರಿಂದ ಹನ್ನೆರಡು ವರ್ಷ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದ ಸೆಂಟರ್ ಫೀಲ್ಡರ್ ಆಗಿದ್ದರು. ಕ್ರಿಕೆಟ್‌ನಲ್ಲಿ ಬೌಂಡರಿ ಕಾಯುವವರನ್ನು ಬಲ್ಲ ನಮ್ಮ ಓದುಗರಿಗೆ ಈ ಸ್ಥಾನದ ಮಹತ್ವ ಅರ್ಥವಾದೀತು. ಮೈದಾನದ ಅತಿ ವಿಶಾಲ ಭಾಗದಲ್ಲಿ ಓಡಾಡಿ, ಎತ್ತರಕ್ಕೆ ಚಿಮ್ಮಿದ ಚೆಂಡನ್ನು ನೆಲ ಮುಟ್ಟುವ ಮೊದಲೇ ಹಿಡಿಯುವುದು ಸೆಂಟರ್ ಫೀಲ್ಡರ್‌ನ ಕೆಲಸ.

ಆ ಕೆಲಸದಲ್ಲಿ ಫ್ಲಡ್ ಅವರಿಗೆ ಸರಿಸಾಟಿ ಎನ್ನಬಹುದಾದವರು ವಿರಳ. 1963ರಿಂದ 1969ರವರೆಗೆ ಸತತ ಏಳು ವರ್ಷ ಶ್ರೇಷ್ಠ ಕ್ಷೇತ್ರರಕ್ಷಣೆಗಾಗಿ ಗೋಲ್ಡ್ ಗ್ಲೋವ್ ಪ್ರಶಸ್ತಿ ಪಡೆದರು. 1966ರ ಇಡೀ ಋತುವಿನಲ್ಲಿ ಅವರಿಂದ ಒಂದು ತಪ್ಪೂ ಆಗಲಿಲ್ಲ. ಬ್ಯಾಟಿಂಗ್‌ನಲ್ಲೂ ಹಿಂದೆ ಬೀಳದ ಅವರು 1964ರಲ್ಲಿ 211 ಹಿಟ್ ಗಳಿಸಿದರು. ಆ ವರ್ಷ ಮತ್ತು 1967ರಲ್ಲಿ ಕಾರ್ಡಿನಲ್ಸ್ ವರ್ಲ್ಡ್ ಸೀರೀಸ್ ಗೆದ್ದಿತು. 1968ರ ವರ್ಲ್ಡ್ ಸೀರೀಸ್‌ನ ನಿರ್ಣಾಯಕ ಏಳನೇ ಪಂದ್ಯದಲ್ಲಿ ಚೆಂಡೊಂದರ ಗತಿಯನ್ನು ಅಂದಾಜಿಸುವಲ್ಲಿ ಅವರು ಎಡವಿದರು. ಡೆಟ್ರಾಯಿಟ್ ತಂಡ ಗೆದ್ದಿತು. ಒಂದು ವರ್ಷ ಕಳೆಯುವಷ್ಟರಲ್ಲಿ ಫ್ಲಡ್ ಬೇಡವಾದರು.

ಒಂದು ದೂರವಾಣಿ ಕರೆ

1969ರ ಅಕ್ಟೋಬರ್‌ನ ಒಂದು ಮುಂಜಾನೆ ಕ್ಲಬ್‌ನ ಅಧಿಕಾರಿಯೊಬ್ಬರು ದೂರವಾಣಿ ಮೂಲಕ ವಿಷಯ ತಿಳಿಸಿದರು. ಏಳು ಆಟಗಾರರ ಅದಲುಬದಲಿನಲ್ಲಿ ಫ್ಲಡ್ ಫಿಲಡೆಲ್ಫಿಯಾ ಫಿಲ್ಲೀಸ್ ತಂಡದ ಪಾಲಾಗಿದ್ದರು. ಅವರ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ, ಕೇಳಬೇಕಾದ ಅಗತ್ಯವೂ ಇರಲಿಲ್ಲ. ಅಂದಿನ 'ರಿಸರ್ವ್ ನಿಯಮ'ದ ಪ್ರಕಾರ ಒಪ್ಪಂದದ ಅವಧಿ ಮುಗಿದರೂ ಆಟಗಾರನ ಮೇಲಿನ ಹಕ್ಕು ಕ್ಲಬ್‌ನ ಬಳಿಯೇ ಉಳಿಯುತ್ತಿತ್ತು. ಮಾಲೀಕರು ಹೇಳಿದ ಕಡೆ ಆಡಬೇಕು, ಇಲ್ಲವಾದರೆ ಆಟವನ್ನೇ ಬಿಡಬೇಕು. ಮೂರನೆಯ ದಾರಿ ಇರಲಿಲ್ಲ.

ಆ ವರ್ಷದ ಡಿಸೆಂಬರ್ 24ರಂದು ಫ್ಲಡ್ ಅವರು ಬೇಸ್‌ಬಾಲ್ ಕಮಿಷನರ್ ಬೋವಿ ಕೂನ್ ಅವರಿಗೆ ಪತ್ರ ಬರೆದರು. ಹನ್ನೆರಡು ವರ್ಷ ಆಡಿದ ತಾನು ಇತರರು ಇಚ್ಛಾನುಸಾರ ಕೊಂಡು ಮಾರಬಹುದಾದ ಸ್ವತ್ತಲ್ಲ ಎಂಬುದು ಅದರ ಸಾರ. ವಾರ್ಷಿಕ 90,000 ಡಾಲರ್ ಸಂಬಳ ಪಡೆಯುತ್ತಿದ್ದ ವ್ಯಕ್ತಿಗೆ ಗುಲಾಮಗಿರಿಯ ಮಾತೇಕೆ ಎಂಬ ಪ್ರಶ್ನೆಯೂ ಎದುರಾಯಿತು. ಹೆಚ್ಚು ಸಂಬಳ ಪಡೆಯುವ ಗುಲಾಮನೂ ಗುಲಾಮನೇ ಎಂಬ ಅರ್ಥದ ಉತ್ತರ ಅವರಿಂದ ಬಂತು. ಅಮೆರಿಕದಲ್ಲಿ ಕಪ್ಪು ವರ್ಣೀಯನೊಬ್ಬ ಈ ಮಾತನ್ನಾಡಿದಾಗ ಅದಕ್ಕಿರುವ ತೂಕವೇ ಬೇರೆ.

ಗಮನಿಸಬೇಕಾದ ಸಂಗತಿಯೆಂದರೆ, ಫ್ಲಡ್ ಭ್ರಮೆಯಲ್ಲಿರಲಿಲ್ಲ. ಮೊಕದ್ದಮೆಯಲ್ಲಿ ಸೋಲುವ ಸಂಭವವೇ ಹೆಚ್ಚು, ಗೆದ್ದರೂ ಅದರ ಫಲ ನಿಮಗೆ ದಕ್ಕಲಾರದು ಎಂದು ಆಟಗಾರರ ಸಂಘದ ಮುಖ್ಯಸ್ಥ ಮಾರ್ವಿನ್ ಮಿಲ್ಲರ್ ಎಚ್ಚರಿಸಿದ್ದರು. ಇದರಿಂದ ಬೇರೆ ಆಟಗಾರರಿಗೆ ಅನುಕೂಲವಾದೀತೇ ಎಂದಷ್ಟೇ ಫ್ಲಡ್ ವಿಚಾರಿಸಿದರು. ಹೌದೆಂಬ ಉತ್ತರ ಅವರಿಗೆ ಸಾಕಾಯಿತು.

ಕೋರ್ಟಿನಲ್ಲಿ ಏಕಾಂಗಿ

1970ರ ಜನವರಿಯಲ್ಲಿ ನ್ಯೂಯಾರ್ಕ್‌ನ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಲಾಯಿತು. ಸಂಘ ವೆಚ್ಚ ಭರಿಸಿತು. ಸುಪ್ರೀಂ ಕೋರ್ಟ್‌ನ ಮಾಜಿ ನ್ಯಾಯಮೂರ್ತಿ ಆರ್ಥರ್ ಗೋಲ್ಡ್‌ಬರ್ಗ್ ವಕಾಲತ್ತು ವಹಿಸಿದರು. ನಿವೃತ್ತ ದಿಗ್ಗಜರಾದ ಜಾಕಿ ರಾಬಿನ್ಸನ್ ಹಾಗೂ ಹ್ಯಾಂಕ್ ಗ್ರೀನ್‌ಬರ್ಗ್ ಸಾಕ್ಷ್ಯ ನುಡಿದರು. ಆದರೆ ಆಗ ಆಡುತ್ತಿದ್ದ ಒಬ್ಬ ಆಟಗಾರನೂ ನ್ಯಾಯಾಲಯದತ್ತ ಸುಳಿಯಲಿಲ್ಲ. ಮಾಲೀಕರ ಕೆಂಗಣ್ಣಿಗೆ ಗುರಿಯಾಗುವ ಭಯ ಅಷ್ಟರ ಮಟ್ಟಿಗಿತ್ತು.

1972ರ ಜೂನ್ 19ರಂದು ಸುಪ್ರೀಂ ಕೋರ್ಟ್ 5-3ರ ಬಹುಮತದಿಂದ ಫ್ಲಡ್ ವಿರುದ್ಧ ತೀರ್ಪಿತ್ತಿತು. ಬೇಸ್‌ಬಾಲ್ ಪಂದ್ಯಗಳು ಅಂತರರಾಜ್ಯ ವಾಣಿಜ್ಯವಲ್ಲ, ಆದ್ದರಿಂದ ಏಕಸ್ವಾಮ್ಯ ವಿರೋಧಿ ಕಾನೂನು ಅನ್ವಯಿಸದು ಎಂದು ಅದೇ ನ್ಯಾಯಾಲಯ 1922ರಲ್ಲಿ ಹೇಳಿತ್ತು. ಈ ವಿನಾಯಿತಿ ಅಸಂಗತವೆಂದು ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಬ್ಲ್ಯಾಕ್‌ಮನ್ ಅವರೇ ಒಪ್ಪಿಕೊಂಡರು. ಆದರೂ ಸರಿಪಡಿಸುವ ಹೊಣೆಯನ್ನು ಸಂಸತ್ತಿನ ಹೆಗಲಿಗೆ ದಾಟಿಸಿದರು. ತಪ್ಪೆಂದು ತಿಳಿದೂ ಅದನ್ನು ಮುಂದುವರಿಸಿದ ವಿಚಿತ್ರ ತೀರ್ಪಿದು.

ಅಷ್ಟರಲ್ಲಿ ಫ್ಲಡ್ ಅವರ ಆಟ ಮುಗಿದಿತ್ತು. 1970ರ ಋತುವಿನಲ್ಲಿ ಅವರು ಆಡಲೇ ಇಲ್ಲ. 1971ರಲ್ಲಿ ವಾಷಿಂಗ್ಟನ್ ಸೆನೆಟರ್ಸ್ ತಂಡ ಸೇರಿದರೂ 13 ಪಂದ್ಯಗಳ ನಂತರ ಹೊರನಡೆದು ಸ್ಪೇನ್‌ನ ಮಯೋರ್ಕಾ ದ್ವೀಪಕ್ಕೆ ತೆರಳಿದರು.

ಫಲ ಉಂಡವರು ಬೇರೆ

ನ್ಯಾಯಾಲಯದಲ್ಲಿ ದಕ್ಕದ್ದು ಸಂಧಾನದ ಮೇಜಿನಲ್ಲಿ ದಕ್ಕಿತು. ವಿವಾದಗಳನ್ನು ಸ್ವತಂತ್ರ ಮಧ್ಯಸ್ಥಗಾರರಿಗೆ ಒಪ್ಪಿಸುವ ವ್ಯವಸ್ಥೆಯನ್ನು ಸಂಘ 1970ರ ಒಪ್ಪಂದದಲ್ಲೇ ಪಡೆದುಕೊಂಡಿತ್ತು. ಹತ್ತು ವರ್ಷ ಆಡಿ, ಕೊನೆಯ ಐದು ವರ್ಷ ಒಂದೇ ತಂಡದಲ್ಲಿದ್ದ ಆಟಗಾರ ತನ್ನ ವರ್ಗಾವಣೆಯನ್ನು ನಿರಾಕರಿಸಬಹುದೆಂಬ ನಿಯಮ 1973ರಲ್ಲಿ ಬಂತು. ನಾಲ್ಕು ವರ್ಷ ಮೊದಲು ಅದು ಜಾರಿಯಲ್ಲಿದ್ದಿದ್ದರೆ ಫ್ಲಡ್ ನ್ಯಾಯಾಲಯದ ಮೆಟ್ಟಿಲೇರಬೇಕಾಗಿರಲಿಲ್ಲ. 1975ರ ಡಿಸೆಂಬರ್‌ನಲ್ಲಿ ಆಂಡಿ ಮೆಸರ್‌ಸ್ಮಿತ್ ಮತ್ತು ಡೇವ್ ಮೆಕ್‌ನಾಲಿ ಪ್ರಕರಣದಲ್ಲಿ ಮಧ್ಯಸ್ಥಗಾರ ಪೀಟರ್ ಸೈಟ್ಸ್ ಆಟಗಾರರ ಪರ ನಿಂತರು. ರಿಸರ್ವ್ ನಿಯಮದ ಬೆನ್ನೆಲುಬು ಮುರಿಯಿತು. ಆರು ವರ್ಷಗಳ ಸೇವೆಯ ನಂತರ ಇಷ್ಟಬಂದ ತಂಡ ಸೇರುವ ಸ್ವಾತಂತ್ರ್ಯ ದೊರೆಯಿತು.

ಫ್ಲಡ್ 1997ರ ಜನವರಿಯಲ್ಲಿ ಗಂಟಲಿನ ಕ್ಯಾನ್ಸರ್‌ನಿಂದ 59ನೇ ವಯಸ್ಸಿನಲ್ಲಿ ತೀರಿಕೊಂಡರು. 1998ರ ಅಕ್ಟೋಬರ್ 27ರಂದು ಅಧ್ಯಕ್ಷ ಕ್ಲಿಂಟನ್ ಅವರು ಕರ್ಟ್ ಫ್ಲಡ್ ಕಾಯ್ದೆಗೆ ಸಹಿ ಹಾಕಿದರು. ಅದಕ್ಕೆ ಎರಡೇ ದಿನ ಮೊದಲು ಸ್ಯಾಂಟೊ ಡೊಮಿಂಗೊದಲ್ಲಿ ಹುಟ್ಟಿದ ಮಗುವೇ ಇಂದಿನ ಹುವಾನ್ ಸೋಟೊ!

ಮತ್ತದೇ ಪ್ರಶ್ನೆ

ಹಾಗಾದರೆ ಹೋರಾಟ ಮುಗಿಯಿತೇ? ಇಲ್ಲ. ವಾಷಿಂಗ್ಟನ್ ನ್ಯಾಷನಲ್ಸ್ ನೀಡಲು ಮುಂದಾದ 44 ಕೋಟಿ ಡಾಲರ್‌ಗಳನ್ನು ಸೋಟೊ 2022ರಲ್ಲಿ ನಿರಾಕರಿಸಿದರು. ಕೆಲವೇ ವಾರಗಳಲ್ಲಿ ಕ್ಲಬ್ ಅವರನ್ನು ಸ್ಯಾನ್ ಡಿಯೆಗೊಗೆ ಸಾಗಹಾಕಿತು. ಮರುವರ್ಷ ಅಲ್ಲಿಂದ ನ್ಯೂಯಾರ್ಕ್ ಯಾಂಕೀಸ್‌ಗೆ ಕಳುಹಿಸಲಾಯಿತು. ಆರು ವರ್ಷಗಳ ಸೇವೆ ಪೂರೈಸುವವರೆಗೆ ತಾರಾ ಆಟಗಾರನೂ ಕ್ಲಬ್‌ನ ಅಧೀನನೇ. ಕರ್ಟ್ ಫ್ಲಡ್ ಕಾಯ್ದೆ ಕಿರಿಯ ಲೀಗ್‌ಗಳ ಆಟಗಾರರನ್ನು ಹೊರಗಿಟ್ಟಿತ್ತು. ಅವರು ಸಂಘದ ಆಶ್ರಯ ಪಡೆದದ್ದು 2022ರಲ್ಲಿ.

2022ರ ಮಾರ್ಚ್‌ನಲ್ಲಿ 99 ದಿನಗಳ ಲಾಕೌಟ್ ಕೊನೆಗೊಳಿಸಿದ ಒಪ್ಪಂದದ ಅವಧಿ 2026ರ ಡಿಸೆಂಬರ್ 1ರವರೆಗೆ. ಅದರ ನಂತರದ ವ್ಯವಸ್ಥೆಯ ಚರ್ಚೆಯಲ್ಲಿ ಕೇಂದ್ರ ಸ್ಥಾನ ಪಡೆದಿರುವುದು ಸಂಬಳಕ್ಕೆ ಮಿತಿ ಹೇರುವ ವಿಚಾರ. ಮೆಟ್ಸ್, ಡಾಡ್ಜರ್ಸ್‌ನಂಥ ಸಿರಿವಂತ ತಂಡಗಳೆದುರು ಸಣ್ಣ ನಗರಗಳ ತಂಡಗಳು ನಿಲ್ಲಲಾರವು ಎಂಬುದು ಮಿತಿ ಬೇಕೆನ್ನುವವರ ವಾದ. 2024 ಮತ್ತು 2025ರಲ್ಲಿ ಡಾಡ್ಜರ್ಸ್ ತಂಡವೇ ಪ್ರಶಸ್ತಿ ಗೆದ್ದಿರುವುದರಿಂದ ಈ ಆತಂಕವನ್ನು ತಳ್ಳಿಹಾಕುವಂತಿಲ್ಲ.

ಆದರೆ ಈ ವಾದ ಹೊಸದೇನಲ್ಲ. ಆಟಗಾರರಿಗೆ ಸ್ವಾತಂತ್ರ್ಯ ಕೊಟ್ಟರೆ ಸಮಬಲ ಕುಸಿದು ಆಟವೇ ನಾಶವಾದೀತು ಎಂದು ಫ್ಲಡ್ ಪ್ರಕರಣದಲ್ಲೂ ಮಾಲೀಕರು ವಾದಿಸಿದ್ದರು. ಆದದ್ದೇನು? 1978ರಿಂದ 1987ರವರೆಗಿನ ಹತ್ತು ವರ್ಷಗಳಲ್ಲಿ ಹತ್ತು ಬೇರೆ ಬೇರೆ ತಂಡಗಳು ವರ್ಲ್ಡ್ ಸೀರೀಸ್ ಗೆದ್ದವು. ಇತ್ತ 2025ರಲ್ಲಿ ಸೋಟೊ 43 ಹೋಮ್ ರನ್ ಬಾರಿಸಿದರೂ ಮೆಟ್ಸ್ ತಂಡ ಪ್ಲೇಆಫ್ ಹಂತಕ್ಕೂ ತಲುಪಲಿಲ್ಲ. ಹಣದಿಂದ ಆಟಗಾರನನ್ನು ಪಡೆಯಬಹುದು, ಗೆಲುವಿನ ಖಾತರಿಯನ್ನಲ್ಲ. ಸಮಬಲ ಬೇಕಾದರೆ ಕ್ಲಬ್‌ಗಳು ತಮ್ಮ ಆದಾಯವನ್ನು ಇನ್ನಷ್ಟು ಹಂಚಿಕೊಳ್ಳುವ ಮಾರ್ಗವೂ ಇದೆ. ಅದರ ಹೊರೆಯನ್ನೆಲ್ಲ ಆಟಗಾರನ ಸಂಬಳದ ಮೇಲೆಯೇ ಏಕೆ ಹೊರಿಸಬೇಕು ಎಂಬ ಸಂಘದ ಪ್ರಶ್ನೆಯಲ್ಲಿ ಹುರುಳಿದೆ.

ಮಾರ್ವಿನ್ ಮಿಲ್ಲರ್ ಹಾಲ್ ಆಫ್ ಫೇಮ್ ಸೇರಿದ್ದಾರೆ. ಅಲೆನ್ ಕೂಡ ಸೇರಿದ್ದಾರೆ. 2025ರ ಗೌರವ ಸಮಾರಂಭದವರೆಗೂ ಫ್ಲಡ್ ಅವರ ಸರದಿ ಬಂದಿಲ್ಲ. ಬಹುಶಃ ಅವರಿಗೆ ಅದರ ಅಗತ್ಯವೂ ಇಲ್ಲ. ಆಟಗಾರನೊಬ್ಬ ಬೇಡವೆಂದು ಹೇಳಿ, ತನಗೆ ಬೇಕಾದ ತಂಡದ ಬಾಗಿಲು ತಟ್ಟಿದಾಗಲೆಲ್ಲ ಅಲ್ಲಿ ಫ್ಲಡ್ ಅವರ ಹೆಸರಿರುತ್ತದೆ. ಹೊಸ ಒಪ್ಪಂದಕ್ಕೆ ಸಹಿ ಹಾಕುವವರು ಅದನ್ನು ಮರೆಯದಿದ್ದರೆ ಸಾಕು.