ಖಾಲಿ ಹೊಟ್ಟೆಗೆ ಗ್ರೀನ್ ಟೀ ಕ್ಯಾಪ್ಸೂಲ್: ಈ ಫಾರ್ವರ್ಡ್‌ನಲ್ಲಿ ಸತ್ಯ ಎಷ್ಟು?

ಕೆ.ಆರ್. ಪುರದ ತೂಗುಸೇತುವೆ ದಾಟಿ ಯಾವ ಕಡೆ ಹೋದರೂ ಜಿಮ್‌ಗಳಿಗೆ ಬರವಿಲ್ಲ. ಜಿಮ್‌ಗೆ ಹೋಗುವವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸುತ್ತುವ ಸಲಹೆಗಳಿಗೂ ಅಷ್ಟೇ. ಅವುಗಳಲ್ಲಿ ಒಂದು: ಬೆಳಗ್ಗೆ ಖಾಲಿ ಹೊಟ್ಟೆಗೆ ಗ್ರೀನ್ ಟೀ ಸಾರದ ಕ್ಯಾಪ್ಸೂಲ್ ನುಂಗಿ ವರ್ಕೌಟ್ ಮಾಡಿದರೆ ಕೊಬ್ಬು ಬೇಗ ಕರಗುತ್ತದೆ. ಇದರಲ್ಲಿ ಸ್ವಲ್ಪ ಸತ್ಯವಿದೆ. ಅಪಾಯ ಇರುವುದು 'ಖಾಲಿ ಹೊಟ್ಟೆ' ಅನ್ನುವಲ್ಲಿ.

ಗ್ರೀನ್ ಟೀಯಲ್ಲಿ ಕೆಫೀನ್ ಜೊತೆಗೆ ಕ್ಯಾಟೆಚಿನ್ ಎಂಬ ವಸ್ತುಗಳಿವೆ. ಅವುಗಳಲ್ಲಿ ಮುಖ್ಯವಾದದ್ದು ಇಜಿಸಿಜಿ. 1999ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 10 ಮಂದಿ ಆರೋಗ್ಯವಂತ ಪುರುಷರಿಗೆ ಈ ಸಾರ ಕೊಟ್ಟಾಗ, ದೇಹ ದಿನಕ್ಕೆ ಖರ್ಚು ಮಾಡುವ ಶಕ್ತಿ ಶೇ. 4ರಷ್ಟು ಹೆಚ್ಚಿತು. ಅಷ್ಟೇ ಕೆಫೀನನ್ನು ಮಾತ್ರ ಕೊಟ್ಟಾಗ ಹೆಚ್ಚಲಿಲ್ಲ. ಆದರೆ ಶೇ. 4 ಅಂದರೆ ಸುಮಾರು 80 ಕ್ಯಾಲೊರಿ. ಒಂದೆರಡು ಇಡ್ಲಿ, ಅದೂ ಚಟ್ನಿ ಬಿಟ್ಟು.

ಫಾರ್ವರ್ಡ್‌ಗಳಿಗೆ ಇನ್ನೂ ಇಷ್ಟವಾಗುವ ಸಂಖ್ಯೆ ಶೇ. 17. ಇಂಗ್ಲೆಂಡಿನಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಾರ ಸೇವಿಸಿ ಅರ್ಧ ಗಂಟೆ ಸೈಕಲ್ ತುಳಿದ 12 ಪುರುಷರಲ್ಲಿ ಕೊಬ್ಬು ಅಷ್ಟು ಹೆಚ್ಚು ಉರಿದಿತ್ತು. ನಾವು ಗ್ರಾಂ ಲೆಕ್ಕ ಹಾಕಿದೆವು: ನಿಮಿಷಕ್ಕೆ 0.35 ಗ್ರಾಂ ಬದಲು 0.41 ಗ್ರಾಂ. ಅರ್ಧ ಗಂಟೆಗೆ ವ್ಯತ್ಯಾಸ 2 ಗ್ರಾಂ ಕೂಡ ಆಗುವುದಿಲ್ಲ!

ತೂಕದ ವಿಷಯಕ್ಕೆ ಬಂದರೆ, 2012ರ ಕೊಕ್ರೇನ್ ಪರಿಶೀಲನೆಯ ಪ್ರಕಾರ ಜಪಾನಿನ ಹೊರಗೆ ನಡೆದ ಪ್ರಯೋಗಗಳಲ್ಲಿ ಸರಾಸರಿ ಇಳಿಕೆ ಬರೀ 40 ಗ್ರಾಂ. ವ್ಯಾಯಾಮದ ಸಾಮರ್ಥ್ಯ? 2009ರಲ್ಲಿ ಸೈಕಲ್ ಪಟುಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಇಜಿಸಿಜಿಯಿಂದ ವೇಗ ಹೆಚ್ಚಲಿಲ್ಲ, ಕೆಫೀನಿನಿಂದ ಸ್ವಲ್ಪ ಹೆಚ್ಚಿತು. ಅಂದರೆ ಜಿಮ್‌ಗೆ ಮುಂಚೆ ಉತ್ಸಾಹ ಬೇಕಿದ್ದರೆ ಒಂದು ಲೋಟ ಫಿಲ್ಟರ್ ಕಾಫಿಯೇ ವಾಸಿ.

ಈಗ ಲಿವರ್ ವಿಷಯ. ಊಟದ ಜೊತೆಗಿಂತ ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡಾಗ ರಕ್ತದಲ್ಲಿ ಇಜಿಸಿಜಿ ಮೂರು ಪಟ್ಟಿಗೂ ಮೀರಿ ಏರುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ದಿನಕ್ಕೆ 800 ಮಿ.ಗ್ರಾಂ ಅಥವಾ ಹೆಚ್ಚು ಇಜಿಸಿಜಿಯನ್ನು ಪೂರಕದ ರೂಪದಲ್ಲಿ ಸೇವಿಸಿದವರಲ್ಲಿ ಲಿವರ್ ಕಿಣ್ವಗಳು ಏರಿದ್ದನ್ನು ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲೇ ಹೇಳಿತು. 2022ರಿಂದ ಅಲ್ಲಿ ಇಂಥ ಉತ್ಪನ್ನಗಳ ಮೇಲೆ 'ಖಾಲಿ ಹೊಟ್ಟೆಗೆ ಸೇವಿಸಬೇಡಿ' ಎಂದು ಬರೆಯುವುದು ಕಡ್ಡಾಯ. ಫಾರ್ವರ್ಡ್ ಹೇಳುವುದು ಇದಕ್ಕೆ ತದ್ವಿರುದ್ಧ. ತೀವ್ರ ಹಾನಿ ಅಪರೂಪ, ನಿಜ. ಆದರೆ ಕೆಲವರಿಗೆ ವಂಶವಾಹಿಯ ಕಾರಣದಿಂದ ಅಪಾಯ ಹೆಚ್ಚು, ಅದು ಅವರಿಗೆ ಮೊದಲೇ ಗೊತ್ತಿರುವುದಿಲ್ಲ.

ಮನೆಯಲ್ಲಿ ಕುಡಿಯುವ ಗ್ರೀನ್ ಟೀಗೆ ಹೆದರಬೇಕಿಲ್ಲ. ದಿನಕ್ಕೆ ಎರಡು ಮೂರು ಕಪ್ ಕುಡಿದರೆ ಇಷ್ಟು ಪ್ರಮಾಣ ದೇಹ ಸೇರುವುದಿಲ್ಲ. ಕ್ಯಾಪ್ಸೂಲ್ ಆದರೆ ಡಬ್ಬಿಯ ಮೇಲೆ ಇಜಿಸಿಜಿ ಎಷ್ಟು ಮಿ.ಗ್ರಾಂ ಎಂದು ಬರೆದಿದೆಯೇ ನೋಡಿ. ಬರೆದಿಲ್ಲದಿದ್ದರೆ ನಾವಂತೂ ಕೊಳ್ಳುವುದಿಲ್ಲ. ಈಗಾಗಲೇ ತೆಗೆದುಕೊಳ್ಳುತ್ತಿದ್ದು ಕಣ್ಣು ಹಳದಿಯಾದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ, ಹೊಟ್ಟೆಯ ಬಲಭಾಗದ ಮೇಲ್ಗಡೆ ನೋವು ಬಂದರೆ ಕ್ಯಾಪ್ಸೂಲ್ ನಿಲ್ಲಿಸಿ ಅಂದೇ ಡಾಕ್ಟರ ಹತ್ತಿರ ಹೋಗಿ. ಡಬ್ಬಿಯನ್ನೂ ಒಯ್ಯಿರಿ, 'ಬರೀ ಟೀ ಅಲ್ವಾ' ಅಂತ ಹೇಳದೆ ಬಿಡಬೇಡಿ.