ಕಾರಿನ ಕಣ್ಣು ನಮ್ಮ ಕಣ್ಣಿಗೆ ಕಂಟಕವಾಗದಿರಲಿ

ಅಬುಧಾಬಿಯಲ್ಲಿ ದುಡಿಯುವ ಮಗನೋ ಅಳಿಯನೋ ನಿಮಗಿದ್ದರೆ, ಚಾಲಕನಿಲ್ಲದೆ ಓಡುವ ಟ್ಯಾಕ್ಸಿಯ ವಿಡಿಯೋ ನಿಮ್ಮ ಮೊಬೈಲಿಗೂ ಬಂದಿರಬಹುದು. ಆ ಕಾರಿನ ನೆತ್ತಿಯ ಮೇಲೆ ಡಬ್ಬಿಯಂಥ ಸಾಧನಗಳಿರುತ್ತವೆ. ಅವುಗಳಲ್ಲಿ ಒಂದು ಲೈಡಾರ್. ಅದು ಕಣ್ಣಿಗೆ ಕಾಣದ ಲೇಸರ್ ಬೆಳಕನ್ನು ಚಿಕ್ಕ ಚಿಕ್ಕ ಮಿಂಚಿನಂತೆ ಎಸೆಯುತ್ತದೆ. ಎದುರಿನ ವಸ್ತುವಿಗೆ ತಾಗಿ ಬೆಳಕು ಮರಳಲು ಎಷ್ಟು ಹೊತ್ತು ಹಿಡಿಯಿತೆಂದು ನೋಡಿ ದೂರವನ್ನು ಲೆಕ್ಕ ಹಾಕುತ್ತದೆ. 150 ಮೀಟರ್ ದೂರದ ಗೋಡೆಗೆ ಹೋಗಿ ಬರಲು ಬೆಳಕಿಗೆ ಬೇಕಾಗುವುದು ಸೆಕೆಂಡಿನ 10 ಲಕ್ಷದಲ್ಲೊಂದು ಭಾಗ. ನಮ್ಮ ಹೆದ್ದಾರಿಗಳಲ್ಲಿ ಪೊಲೀಸರು ವೇಗ ಅಳೆಯಲು ಹಿಡಿದು ನಿಲ್ಲುವ ಲೇಸರ್ ಗನ್ ಕೂಡ ಇದೇ ತತ್ವದ್ದು.

ಆರೋಗ್ಯದ ಪುಟದಲ್ಲಿ ಕಾರಿನ ವಿಷಯವೇಕೆ ಎಂದು ನೀವು ಕೇಳಬಹುದು. ಆ ಬೆಳಕು ಗೋಡೆಗೆ ಮಾತ್ರವಲ್ಲ, ರಸ್ತೆ ದಾಟುವ ಮಗುವಿನ ಕಣ್ಣಿಗೂ ತಾಗುತ್ತದೆ ಎಂಬುದೇ ಕಾರಣ.

ಮೊದಲು ಸಮಾಧಾನದ ಮಾತು. ಕಾರುಗಳಿಗೆ ಅಳವಡಿಸುವ ಲೈಡಾರ್‌ಗಳನ್ನು ಸಾಮಾನ್ಯವಾಗಿ ಲೇಸರ್ ಸುರಕ್ಷತೆಯ ಅಂತಾರಾಷ್ಟ್ರೀಯ ಮಾನದಂಡದ 1ನೇ ದರ್ಜೆಗೆ ಸರಿಹೊಂದುವಂತೆ ತಯಾರಿಸುತ್ತಾರೆ. ಸರಿಯಾಗಿ ಕೆಲಸ ಮಾಡುತ್ತಿರುವ ಅಂಥ ಸಾಧನದಿಂದ ಕಣ್ಣಿಗೆ ಹಾನಿಯಿಲ್ಲ. ಹೆದರಿ ಮಕ್ಕಳನ್ನು ಮನೆಯೊಳಗೆ ಕೂಡಿಹಾಕಬೇಕಿಲ್ಲ.

ಆದರೆ ನಮ್ಮ ಕಣ್ಣಿನ ಸ್ವಭಾವವನ್ನೂ ತಿಳಿದಿರಬೇಕು. ಪ್ರಖರ ಬೆಳಕು ಬಿದ್ದರೆ ಸೆಕೆಂಡಿನ ಕಾಲು ಭಾಗದೊಳಗೆ ರೆಪ್ಪೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಕಾಣದ ಬೆಳಕಿಗೆ ಅದು ಮುಚ್ಚುವುದಿಲ್ಲ. ಒಳಗಿನ ಅಕ್ಷಿಪಟಕ್ಕೆ ನೋವಿನ ಅರಿವೂ ಇಲ್ಲ. ಸುಟ್ಟರೂ ಗೊತ್ತಾಗುವುದು ದೃಷ್ಟಿ ಮಂಜಾದ ಮೇಲೆಯೇ. ಹಾಗಾಗಿ ಇಲ್ಲಿ ನಮ್ಮನ್ನು ನಾವು ಕಾಪಾಡಿಕೊಳ್ಳುವುದು ಸಾಧ್ಯವಿಲ್ಲ. ಕಾಪಾಡುವ ಹೊಣೆ ಪೂರ್ತಿಯಾಗಿ ತಯಾರಕರದು ಮತ್ತು ಸರಕಾರದ್ದು.

ಲೈಡಾರ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆಯ ಬೆಳಕು ಬಳಕೆಯಲ್ಲಿದೆ. 905 ನ್ಯಾನೋಮೀಟರ್ ಆಸುಪಾಸಿನದು ಕಣ್ಣಿನೊಳಗೆ ನೇರವಾಗಿ ಹಾದು ಅಕ್ಷಿಪಟದ ಮೇಲೆ ಸೂಜಿಮೊನೆಯಷ್ಟು ಜಾಗದಲ್ಲಿ ಕೂಡುತ್ತದೆ. ಆದ್ದರಿಂದ ಅದರ ಶಕ್ತಿಗೆ ಬಿಗಿಯಾದ ಮಿತಿಯಿದೆ. 1550 ನ್ಯಾನೋಮೀಟರಿನದನ್ನು ಕಣ್ಣಿನ ಮುಂಭಾಗದ ನೀರಿನ ಅಂಶವೇ ಹೀರಿಕೊಳ್ಳುತ್ತದೆ, ಅಕ್ಷಿಪಟಕ್ಕೆ ತಲುಪುವುದಿಲ್ಲ. ಹಾಗಾಗಿ ಅದಕ್ಕೆ ಹೆಚ್ಚು ಶಕ್ತಿಯ ಅನುಮತಿಯಿದೆ. ಆದರೆ ಕ್ಯಾಮೆರಾದಲ್ಲಿ ಕಣ್ಣಿನಂತೆ ನೀರಿಲ್ಲ. 2019ರಲ್ಲಿ ಲಾಸ್ ವೇಗಾಸ್‌ನ ಪ್ರದರ್ಶನವೊಂದರಲ್ಲಿ ಲೈಡಾರಿನ ಫೋಟೋ ತೆಗೆದವರೊಬ್ಬರ ಬೆಲೆಬಾಳುವ ಕ್ಯಾಮೆರಾದ ಸೆನ್ಸರ್ ಹಾಳಾಯಿತು. ವೋಲ್ವೋ ಕಂಪನಿ ಕೂಡ ತನ್ನ ಇಎಕ್ಸ್90 ಕಾರಿನ ಲೈಡಾರಿಗೆ ನೇರವಾಗಿ ಕ್ಯಾಮೆರಾ ಹಿಡಿಯಬೇಡಿ ಎಂದು ಎಚ್ಚರಿಸಿದೆ. ಗಲ್ಫ್‌ನಿಂದ ವಿಡಿಯೋ ಕಳಿಸುವ ನಿಮ್ಮವರಿಗೂ ಈ ಮಾತು ಮುಟ್ಟಿಸಿ.

ನನ್ನ ತಕರಾರು ಇರುವುದು ಬೇರೆ ಕಡೆ. ದರ್ಜೆ ಸಿಗುವುದು ಒಂದೊಂದು ಸಾಧನಕ್ಕೆ. ರಸ್ತೆಯಲ್ಲಿ ಇರುವುದು ಒಂದೇ ಸಾಧನವಲ್ಲ. ನಾಳೆ ಒಂದು ಸಿಗ್ನಲ್ಲಿನಲ್ಲಿ ಮೂವತ್ತು ಕಾರು ನಿಂತಾಗ ಮೂವತ್ತಕ್ಕೂ ಹೆಚ್ಚು ಲೇಸರ್‌ಗಳು ಒಟ್ಟಿಗೆ ಉರಿಯುತ್ತವೆ. ಬೇರೆ ಬೇರೆ ದಿಕ್ಕಿನಿಂದ ಬಂದ 905ರ ಬೆಳಕು ಅಕ್ಷಿಪಟದ ಬೇರೆ ಬೇರೆ ಜಾಗಕ್ಕೆ ಬೀಳುವುದರಿಂದ ಅಪಾಯ ಮೂವತ್ತು ಪಟ್ಟಾಗುವುದಿಲ್ಲ, ನಿಜ. ಆದರೆ ಕಣ್ಣಿನ ಮುಂಭಾಗದಲ್ಲಿ ಹೀರಿಕೆಯಾಗುವ ಶಾಖದ ವಿಷಯದಲ್ಲಿ ಹಾಗೆ ನಿಶ್ಚಿಂತೆಯಿಂದ ಹೇಳಲಾಗದು.

ಇದೇ ಗುಂಪಿನಲ್ಲಿ ಇನ್ನೊಂದು ತೊಂದರೆ ಹುಟ್ಟುತ್ತದೆ. ಪಕ್ಕದ ಕಾರಿನ ಬೆಳಕನ್ನು ತನ್ನದೇ ಬೆಳಕು ಮರಳಿ ಬಂದಿತೆಂದು ಲೈಡಾರ್ ತಪ್ಪು ತಿಳಿಯಬಹುದು. ಆಗ ಇಲ್ಲದ ವಸ್ತು ಇದ್ದಂತೆ ಕಾಣುತ್ತದೆ. ಕಾರು ಸುಮ್ಮನೆ ಬ್ರೇಕ್ ಹಾಕಿದರೆ ಹಿಂದಿನಿಂದ ಬರುವ ಬೈಕ್ ಸವಾರನ ಗತಿಯೇನು? ಇದಕ್ಕೆ ಸುಲಭದ ಉಪಾಯವಾಗಿ ಶಕ್ತಿ ಹೆಚ್ಚಿಸುವ ಆಸೆ ತಯಾರಕರಿಗೆ ಬರುವುದು ಸಹಜ. ಸಂತೆಯಲ್ಲಿ ಎಲ್ಲರೂ ದನಿ ಏರಿಸಿದರೆ ಯಾರ ಮಾತೂ ಕೇಳುವುದಿಲ್ಲ, ಕಿವಿ ಮಾತ್ರ ನೋಯುತ್ತದೆ. ಇಲ್ಲಿ ನೋಯುವುದು ಕಣ್ಣು.

ತಾಯಿ ಅದೇ ಸಂತೆಯಲ್ಲಿ ತನ್ನ ಮಗುವಿನ ದನಿಯನ್ನು ಗುರುತಿಸುತ್ತಾಳಲ್ಲ, ಆ ದಾರಿ ಹಿಡಿಯಬೇಕು. ಪ್ರತಿ ಲೈಡಾರ್ ತನ್ನ ಮಿಂಚುಗಳ ನಡುವಿನ ಅಂತರವನ್ನು ಗುಟ್ಟಿನ ಲಯದಲ್ಲಿ ಬದಲಿಸುತ್ತಾ, ಅದೇ ಲಯದಲ್ಲಿ ಮರಳಿದ್ದನ್ನು ಮಾತ್ರ ನಂಬಬಹುದು. ಇನ್ನೊಂದು ಬಗೆಯಲ್ಲಿ ಮಿಂಚಿನ ಬದಲು ಬೆಳಕು ನಿರಂತರ ಹರಿಯುತ್ತಾ ತನ್ನ ಆವರ್ತನವನ್ನು ಏರಿಳಿಸುತ್ತದೆ. ಮರಳಿದ್ದನ್ನು ತನ್ನದೇ ಬೆಳಕಿನೊಂದಿಗೆ ಬೆರೆಸಿ ನೋಡುವುದರಿಂದ ಪರರ ಬೆಳಕು ಹೆಚ್ಚಾಗಿ ಲೆಕ್ಕಕ್ಕೇ ಬರುವುದಿಲ್ಲ. ಎದುರಿನ ವಸ್ತುವಿನ ವೇಗವೂ ಅದರಲ್ಲೇ ತಿಳಿಯುತ್ತದೆ. ದುಬಾರಿಯಾದರೂ ಇದೇ ಸರಿಯಾದ ದಿಕ್ಕು ಎಂಬುದು ನನ್ನ ಅಭಿಪ್ರಾಯ. ಹತ್ತಿರ ಯಾರಾದರೂ ನಿಂತರೆ ಶಕ್ತಿ ತಗ್ಗಿಸುವ, ಲೇಸರನ್ನು ಅತ್ತಿತ್ತ ಹರಡುವ ಕನ್ನಡಿ ನಿಂತುಹೋದರೆ ತಕ್ಷಣ ಬೆಳಕು ಕಡಿಯುವ ವ್ಯವಸ್ಥೆಯೂ ಅದರ ಜೊತೆಗಿರಬೇಕು. ಕನ್ನಡಿ ನಿಂತರೆ ಹತ್ತೂ ಕಡೆ ಹಂಚಿಹೋಗಬೇಕಾದ ಶಕ್ತಿ ಒಂದೇ ಕಡೆ ಬೀಳುತ್ತದೆ.

ನಮ್ಮಲ್ಲಿ ಲೈಡಾರ್ ಇರುವ ಕಾರುಗಳು ಇನ್ನೂ ವಿರಳ. ಆದ್ದರಿಂದಲೇ ಕೇಂದ್ರ ಸರಕಾರ ಈಗಲೇ ಈ ಮೂರನ್ನೂ ವಾಹನದ ಅನುಮೋದನೆಯ ಷರತ್ತಾಗಿಸಬೇಕು. ಕಾರುಗಳು ಬಂದ ಮೇಲೆ ಬದಲಿಸುವುದು ಕಷ್ಟ. ಅಪಘಾತವಾದ ಕಾರಿನ ಲೈಡಾರನ್ನು ರಿಪೇರಿಯ ನಂತರ ಮತ್ತೆ ಪರೀಕ್ಷಿಸುವ ನಿಯಮವೂ ಬೇಕು. ಗ್ಯಾರೇಜುಗಳಲ್ಲಿ ದುಡಿಯುವ ನಮ್ಮ ಹುಡುಗರಿಗೆ ಒಂದು ಮಾತು: 1ನೇ ದರ್ಜೆ ಎಂಬುದು ಮುಚ್ಚಿದ ಡಬ್ಬಿಗೆ ಸಿಕ್ಕಿದ ದರ್ಜೆ. ಒಳಗಿನ ಲೇಸರ್ ಅದಕ್ಕಿಂತ ಪ್ರಬಲವಾಗಿರಬಹುದು. ಮುಚ್ಚಳ ಬಿಚ್ಚಿ ವಿದ್ಯುತ್ ಕೊಟ್ಟು ಇಣುಕಬೇಡಿ.

ಇನ್ನು ಮನೆಯ ವಿಷಯ. ಉರೂಸ್, ಜಾತ್ರೆಗಳಲ್ಲಿ ಮಾರುವ ಲೇಸರ್ ಆಟಿಕೆಗಳಿಗೆ ಎಷ್ಟೋ ಸಲ ಯಾವ ದರ್ಜೆಯ ಚೀಟಿಯೂ ಇರುವುದಿಲ್ಲ. ಅಗ್ಗದ ಕೆಲವು ಹಸಿರು ಲೇಸರ್‌ಗಳಿಂದ ಕಾಣದ ಬೆಳಕೂ ಸೋರುತ್ತದೆ. ಇಂಥವುಗಳಿಂದ ಅಕ್ಷಿಪಟ ಸುಟ್ಟುಕೊಂಡ ಮಕ್ಕಳನ್ನು ನೇತ್ರವೈದ್ಯರು ಹಲವು ದೇಶಗಳಲ್ಲಿ ಕಂಡಿದ್ದಾರೆ. ಇಂದಿನ ಮಟ್ಟಿಗೆ ಕಾರಿನ ಲೈಡಾರ್‌ಗಿಂತ ದೊಡ್ಡ ಅಪಾಯ ನಿಮ್ಮ ಮಗುವಿನ ಜೇಬಿನಲ್ಲಿರಬಹುದು.