ಮಂಚದ ಬದಿಯ ವೈಯಾವೃತ್ಯ

ಮಗುವಿಗೆ ರಕ್ತದ ಕ್ಯಾನ್ಸರ್ ಎಂದು ತಿಳಿದ ದಿನದಿಂದ ಮನೆಯ ಗಡಿಯಾರವೇ ಬೇರೆಯಾಗುತ್ತದೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾಕ್ಕೆ ಎರಡರಿಂದ ಮೂರು ವರ್ಷಗಳ ಕಾಲ ಔಷಧೋಪಚಾರ ನಡೆಯಬೇಕು. ಬೆಳಗಾವಿ ಜಿಲ್ಲೆಯ ಕಬ್ಬಿನ ಸೀಮೆಯಿಂದ ಆರು ವರ್ಷದ ಮಗನನ್ನು ಕರೆದುಕೊಂಡು ಬೆಂಗಳೂರಿಗೆ ಬರುವ ಜೈನ ಕೃಷಿಕನ ಸಂಸಾರವೊಂದನ್ನು ಭಾವಿಸಿಕೊಳ್ಳಬಹುದು. ತಾಯಿ ಆಸ್ಪತ್ರೆಯ ಸಮೀಪದ ಧರ್ಮಶಾಲೆಯಲ್ಲಿ. ತಂದೆ ಕಬ್ಬು ಕಟಾವಿಗೂ ಚಿಕಿತ್ಸೆಗೂ ನಡುವೆ ರಾತ್ರಿಯ ರೈಲಿನಲ್ಲಿ. ಹತ್ತು ವರ್ಷದ ಮಗಳು ಊರಿನಲ್ಲಿ ಅಜ್ಜಿಯ ಬಳಿ.

ತಾಯಿಯ ದಿನಚರಿ ನಸುಕಿನಲ್ಲಿ ನೀರು ಸೋಸಿ ಕಾಯಿಸುವುದರಿಂದ ಮೊದಲಾಗುತ್ತದೆ. ಶ್ರಾವಕರ ಮನೆಯಲ್ಲಿ ಅದು ತಲೆತಲಾಂತರದ ಅಭ್ಯಾಸ. ಮಗುವಿನ ಬಿಳಿ ರಕ್ತಕಣಗಳು ಕುಸಿದಿರುವಾಗ ವೈದ್ಯರು ಹೇಳುವುದೂ ಅದನ್ನೇ: ಕಾಯಿಸಿದ ನೀರು, ಆಗಷ್ಟೇ ಬೇಯಿಸಿದ ಬಿಸಿ ಅನ್ನ, ಹಸಿಯದು ಬೇಡ, ಕೈ ತೊಳೆಯದೆ ಮುಟ್ಟುವುದು ಬೇಡ. ಬಳಿಕ ರಕ್ತಪರೀಕ್ಷೆಯ ಸರದಿ, ವರದಿಗಾಗಿ ಕಾಯುವುದು, ಅಂಕಿ ಸರಿಯಿದ್ದರೆ ಔಷಧ, ಇಲ್ಲದಿದ್ದರೆ ಮತ್ತೊಂದು ದಿನ. ಹನಿಹನಿಯಾಗಿ ಇಳಿಯುವ ವಿನ್‌ಕ್ರಿಸ್ಟಿನ್ ಎಂಬ ಮದ್ದಿನ ಮೂಲ, ಎಷ್ಟೋ ಅಂಗಳಗಳಲ್ಲಿ ವರ್ಷವಿಡೀ ಅರಳುವ ನಿತ್ಯಪುಷ್ಪದ ಗಿಡ. ಆ ಹನಿ ಮುಗಿಯುವವರೆಗೆ ಅವಳ ಬೆರಳು ಜಪಮಾಲೆಯ ಮೇಲಿರುತ್ತದೆ, ಕಣ್ಣು ಮಗನ ಕೈಗೆ ಚುಚ್ಚಿದ ಸೂಜಿಯ ಮೇಲಿರುತ್ತದೆ. ಎರಡು ಘಳಿಗೆಯ ಸಾಮಾಯಿಕಕ್ಕೆ ಬೇರೆ ಆಸನವಿಲ್ಲ.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹೇಳಿರುವ ಆರು ಅಂತರಂಗ ತಪಸ್ಸುಗಳಲ್ಲಿ ವೈಯಾವೃತ್ಯವೂ ಒಂದು. ಸೇವೆಗೆ ಪಾತ್ರರಾದ ಹತ್ತು ಬಗೆಯವರಲ್ಲಿ ‘ಗ್ಲಾನ’, ಅಂದರೆ ರೋಗಪೀಡಿತ, ಎಂಬವನೂ ಸೇರಿದ್ದಾನೆ. ಅಲ್ಲಿನ ಪ್ರಸ್ತಾಪ ಮುಖ್ಯವಾಗಿ ಮುನಿಸಂಘದ್ದು ಎಂಬುದು ನಿಜ. ಆದರೆ ವಾಂತಿಯ ಪಾತ್ರೆ ಹಿಡಿದು, ಉದುರಿದ ಕೂದಲನ್ನು ದಿಂಬಿನಿಂದ ಹೆಕ್ಕಿ, ಮುಖದಲ್ಲಿ ಹೇಸಿಗೆಯನ್ನೂ ಭಯವನ್ನೂ ತೋರಗೊಡದ ಗೃಹಿಣಿಯ ಸೇವೆಗೆ ಬೇರೊಂದು ಹೆಸರನ್ನು ಹುಡುಕುವ ಅಗತ್ಯ ಕಾಣುವುದಿಲ್ಲ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ನಿರ್ವಿಚಿಕಿತ್ಸೆಯನ್ನು ಎಣಿಸಿದವರು ಇಂಥ ಮಂಚಗಳನ್ನು ಕಂಡೇ ಎಣಿಸಿರಬೇಕು.

ಇಂಥ ಮನೆಗೆ ಬರುವ ಕಠಿಣ ಪ್ರಶ್ನೆ ರಾತ್ರಿಯದು. ಚಿಕಿತ್ಸೆಯ ಮೊದಲ ತಿಂಗಳಲ್ಲಿ ಕೊಡುವ ಸ್ಟೆರಾಯ್ಡ್ ಮಾತ್ರೆಗಳಿಂದ ಮಕ್ಕಳಿಗೆ ತಡೆಯಲಾರದ ಹಸಿವೆ. ನಡುರಾತ್ರಿ ಮಗು ಎದ್ದು ಕುಳಿತು, “ಅವ್ವಾ, ಹಸಿವಾಗೇದ” ಎನ್ನುತ್ತದೆ. ಸೂರ್ಯಾಸ್ತದ ನಂತರ ಹನಿ ನೀರನ್ನೂ ಮುಟ್ಟದ ತಾಯಿ ಏನು ಮಾಡಬೇಕು? ಮಾಡಬೇಕಾದ್ದು ಸ್ಪಷ್ಟವಾಗಿಯೇ ಇದೆ: ಅನ್ನ ಕಲಸಿ ಉಣ್ಣಿಸಬೇಕು. ವ್ರತ ಅದನ್ನು ತಿಳಿದು ಸ್ವೀಕರಿಸಿದವರದು. ಎಂಟು ವರ್ಷ ತುಂಬದ ಕೂಸಿಗೆ ವ್ರತಗ್ರಹಣದ ಅಧಿಕಾರವನ್ನೇ ಪರಂಪರೆ ಹೇಳಿಲ್ಲ. ತಾಯಿ ತನ್ನ ನಿಯಮವನ್ನು ತಾನು ಪಾಲಿಸಲಿ. ಮಗನ ಹಸಿವೆಯಿಂದ ಅದನ್ನು ಪಾಲಿಸಿದರೆ ಅದು ಅಹಿಂಸೆಯ ಲೆಕ್ಕಕ್ಕೆ ಬರುವುದಿಲ್ಲ.

ಇನ್ನೊಂದು ನೋವನ್ನು ತರುವವರು ಬಂಧುಗಳೇ. ಹಣ್ಣಿನ ಚೀಲದೊಡನೆ ಬಂದು, ಮಂಚದ ಬಳಿ ನಿಂತು, “ಯಾವ ಜನ್ಮದ ಕರ್ಮವೋ” ಎಂದು ನಿಟ್ಟುಸಿರು ಬಿಡುತ್ತಾರೆ. ಕರ್ಮಸಿದ್ಧಾಂತ ತಿಳಿದವರ ಮಾತಿನಂತೆ ಅದು ಕೇಳಿಸುತ್ತದೆ. ಆದರೆ ಅರ್ಧವಷ್ಟೇ ತಿಳಿದವರ ಮಾತು ಅದು. ರೋಗದ ವೇದನೆ ಅಸಾತಾವೇದನೀಯದ ಉದಯವೆಂದು ಹೇಳುವ ಅದೇ ಸೂತ್ರಗ್ರಂಥ, ಆ ಕರ್ಮ ಯಾವುದರಿಂದ ಬಂಧಿಸುತ್ತದೆ ಎಂಬುದನ್ನೂ ಆರನೆಯ ಅಧ್ಯಾಯದಲ್ಲಿ ಹೇಳುತ್ತದೆ: ತನಗಾಗಲಿ ಪರರಿಗಾಗಲಿ ದುಃಖ, ಶೋಕ, ತಾಪ, ಆಕ್ರಂದನಗಳನ್ನು ಉಂಟುಮಾಡುವುದರಿಂದ. ಹಾಗಾದರೆ ಆ ಒಂದು ಮಾತಿನಿಂದ ತಾಯಿಯನ್ನು ಮೂರು ರಾತ್ರಿ ಅಳಿಸಿದವರು ಗಳಿಸಿಕೊಂಡದ್ದೇನು? ಪೂರ್ವಜನ್ಮವನ್ನು ಬಲ್ಲದ್ದು ಕೇವಲಜ್ಞಾನ. ಹಣ್ಣಿನ ಚೀಲ ಹಿಡಿದವರಿಗೆ ಅದು ಪ್ರಾಪ್ತವಾದಂತಿಲ್ಲ.

ಇದಕ್ಕಿಂತ ಅಪಾಯಕರವಾದ ಸಲಹೆಯೂ ಉಂಟು. ಮೊದಲ ತಿಂಗಳ ಔಷಧದಲ್ಲೇ ಬಹುತೇಕ ಮಕ್ಕಳ ರಕ್ತ ತಿಳಿಯಾಗಿ ಕಾಣುತ್ತದೆ. ಮಗು ಆಡುತ್ತದೆ, ನಗುತ್ತದೆ. ಆಗ ಊರಿನ ಹಿರಿಯರು, “ಸಾಕು, ಇನ್ನು ಮಗುವಿಗೆ ಸೂಜಿ ಚುಚ್ಚಿಸಬೇಡಿ, ಮುಂದಿನದು ಅದರ ಆಯುಷ್ಯ” ಎನ್ನುತ್ತಾರೆ. ಅಡಗಿ ಕುಳಿತ ರೋಗ ಮರುಕಳಿಸುವುದು ಇಂಥ ಕಡೆಯೇ. ಮರುಕಳಿಸಿದರೆ ಗೆಲ್ಲುವುದು ಮೊದಲಿಗಿಂತ ಕಷ್ಟ. ಸಾಲ ಬೆಳೆದಿರುವ ತಂದೆಗೆ ಆ ಮಾತು ಹಿತವಾಗಿ ಕೇಳಿಸಿದರೆ ಅವನನ್ನು ದೂರಲಾಗದು. ಆದರೆ ಅದಕ್ಕೆ ಧರ್ಮದ ಬಣ್ಣ ಕೊಡುವುದು ಸಲ್ಲದು. ಆಚಾರ್ಯ ಸಮಂತಭದ್ರರ ಕಥೆಯನ್ನು ಕನ್ನಡ ನಾಡಿನ ಶ್ರಾವಕರೆಲ್ಲ ಬಲ್ಲರು. ಭಸ್ಮಕ ವ್ಯಾಧಿಯಿಂದ ಬಳಲಿದ ಅವರು ಸಲ್ಲೇಖನಕ್ಕೆ ಅನುಮತಿ ಬೇಡಿದಾಗ ಗುರುಗಳು ಒಪ್ಪಲಿಲ್ಲ. ಮೊದಲು ರೋಗವನ್ನು ಕಳೆದುಕೊಳ್ಳಲು ಅಪ್ಪಣೆಯಿತ್ತರು, ಅದಕ್ಕಾಗಿ ದೀಕ್ಷೆಯನ್ನು ಕೆಲಕಾಲ ಬದಿಗಿಡುವುದನ್ನೂ ಒಪ್ಪಿದರು ಎಂದು ಪರಂಪರೆ ಹೇಳುತ್ತದೆ. ಗುಣವಾಗಬಲ್ಲ ವ್ಯಾಧಿಗೆ ಶರಣಾಗುವುದನ್ನು ಮಹಾಮುನಿಗೇ ಒಪ್ಪದ ಧರ್ಮ, ಆರು ವರ್ಷದ ಮಗುವಿಗೆ ಹೇಗೆ ಒಪ್ಪೀತು?

ದಾನಗಳಲ್ಲಿ ಔಷಧದಾನವನ್ನು ಪ್ರತ್ಯೇಕವಾಗಿ ಹೆಸರಿಸಿದ ಸಮಾಜ ನಮ್ಮದು. ಮಹಾವೀರ ಜಯಂತಿಯಂದು ರಕ್ತದಾನ ಶಿಬಿರಗಳು ನಡೆಯುತ್ತವೆ, ಸಂತೋಷ. ಆದರೆ ಈ ಮಕ್ಕಳಿಗೆ ಪದೇ ಪದೇ ಬೇಕಾಗುವ ಪ್ಲೇಟ್‌ಲೆಟ್‌ಗಳನ್ನು ಸಾಮಾನ್ಯವಾಗಿ ಐದು ದಿನಕ್ಕಿಂತ ಹೆಚ್ಚು ಕಾಪಿಡಲಾಗದು. ಚೈತ್ರದಲ್ಲಿ ಕೊಟ್ಟದ್ದು ಶ್ರಾವಣದ ಮಗುವಿಗೆ ಒದಗುವುದಿಲ್ಲ. ಪ್ರತಿ ಬಸದಿಯ ಯುವಕ ಸಂಘವೂ ಕರೆದ ದಿನ ಬರಬಲ್ಲ ಇಪ್ಪತ್ತು ಜನರ ದೂರವಾಣಿ ಸಂಖ್ಯೆಗಳ ಪಟ್ಟಿಯೊಂದನ್ನು ಇಟ್ಟುಕೊಂಡರೆ, ಅದು ಶಿಬಿರದ ಭಾವಚಿತ್ರಕ್ಕಿಂತ ಹೆಚ್ಚಿನ ದಾನ. ಪಟ್ಟಿಗೆ ಖರ್ಚೇನೂ ಇಲ್ಲ.

ಊರಿನಲ್ಲಿ ಉಳಿದ ಮಗಳನ್ನು ಮರೆಯದಿರೋಣ. ಎಲ್ಲರೂ ಅವಳನ್ನು ಕೇಳುವುದು ಒಂದೇ ಪ್ರಶ್ನೆ: “ತಮ್ಮ ಹೇಗಿದ್ದಾನೆ?” ಅವಳ ಪರೀಕ್ಷೆ ಮುಗಿದದ್ದು, ಹಲ್ಲು ನೋಯುವುದು ಯಾರಿಗೂ ತಿಳಿಯದು. ಇಷ್ಟರಾದವರ ವಿಯೋಗದಿಂದ ಹುಟ್ಟುವ ಚಿಂತೆಯನ್ನು ಆರ್ತಧ್ಯಾನದ ನಾಲ್ಕು ಬಗೆಗಳಲ್ಲಿ ಒಂದೆಂದು ಪಂಡಿತರು ವ್ಯಾಖ್ಯಾನಿಸುತ್ತಾರೆ. ಅದು ಸಂಜೆ ಹೊಸ್ತಿಲ ಮೇಲೆ ಕುಳಿತ ಈ ಹುಡುಗಿಯ ಮುಖದಲ್ಲಿದೆ. ಬೆಂಗಳೂರಿಗೆ ಹೋಗಿ ಬರಲಾಗದ ನೆರೆಯವರು ಅವಳ ಲೆಕ್ಕದ ಪುಸ್ತಕ ತೆರೆದು ಅರ್ಧ ಗಂಟೆ ಜೊತೆಗೆ ಕೂರಬಹುದು. ಭಾನುವಾರ ತಂದೆಯ ರೈಲಿಗೆ ಅವಳನ್ನೂ ಹತ್ತಿಸಿ, ತಮ್ಮನ ಮಂಚದ ಕಿಟಕಿಯಾಚೆಯಿಂದಲಾದರೂ ಕೈಬೀಸಲು ಬಿಡಬಹುದು.